ಬಿಲ್ಲು ಯಾವುದಾದರೇನು?

ಅಮೆರಿಕದ ಹಲವು ರಾಜ್ಯಗಳಲ್ಲಿ ಬಿಲ್ಲುಬೇಟೆಗೆಂದೇ ಪ್ರತ್ಯೇಕ ಅವಧಿಯಿದೆ. ಹೆದೆ ಎಳೆದಿಟ್ಟು ಟ್ರಿಗರ್ ಒತ್ತುವ ಕ್ರಾಸ್‌ಬೋವನ್ನೂ ಆಗ ಬಿಡಬೇಕೇ ಎಂಬುದು ಅಲ್ಲಿನ ಹಳೆಯ ಜಗಳ. ವಿಶಾಖಪಟ್ಟಣದಲ್ಲಿ ಕೋಡ್ ಬರೆಯುವ ನನಗೆ ಇಲ್ಲಿನ ಪ್ರಶ್ನೆ ಬೇರೆಯಾಗಿಯೇ ಕಾಣುತ್ತದೆ.

ಇಲ್ಲಿಂದ ಘಟ್ಟ ಹತ್ತಿದರೆ ಅರಕು, ಪಾಡೇರು. ಅಲ್ಲಿನ ಬುಡಕಟ್ಟುಗಳವರು ಚೈತ್ರದಲ್ಲಿ ಇಟುಕಲ ಪಂಡುಗ ಆಚರಿಸುತ್ತಾರೆ. ಗಂಡಸರು ಗುಂಪುಕಟ್ಟಿ ಬೇಟೆಗೆ ಹೋಗುವುದು, ಬರಿಗೈಯಲ್ಲಿ ಬಂದವರನ್ನು ಹೆಂಗಸರು ಛೇಡಿಸುವುದು ಹಳೆಯ ರೂಢಿ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಯಾವುದೆಂದು ಕೇಳುವುದಿಲ್ಲ. ಸಂರಕ್ಷಿತ ಪ್ರಾಣಿಯನ್ನು ಬಿಲ್ಲಿನಿಂದ ಹೊಡೆದರೂ ಉರುಳಿಗೆ ಕೆಡವಿದರೂ ಅಪರಾಧವೇ, ಯತ್ನಿಸಿದರೂ ಅಷ್ಟೇ.

ಕಾಯ್ದೆ ತೋರಿಸಿ ಹಬ್ಬ ಬಿಡಿಸಲಾಗದು. ನಮ್ಮ ಕೊಡಗನ್ನೇ ನೋಡಿ: ಕೈಲ್‌ಪೊಳ್ದ್‌ನಲ್ಲಿ ಹಿಂದೆ ಬೇಟೆಗೆ ಹೊರಡುತ್ತಿದ್ದ ಕೋವಿ ಇಂದು ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಡುತ್ತದೆ. ಕೋವಿಯೂ ಉಳಿಯಿತು, ಹಬ್ಬವೂ ಉಳಿಯಿತು.

ಪಾಡೇರಿನಲ್ಲೂ ಇದು ಆಗದ ಮಾತಲ್ಲ. ಇದೇ ರಾಜ್ಯದ ವಿಜಯವಾಡ ಬಿಲ್ಲುಗಾರರ ಊರು. ಅಲ್ಲಿನ ಜ್ಯೋತಿ ಸುರೇಖಾ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್ ಬಿಲ್ಲು ಹಿಡಿದು ಮೂರು ಚಿನ್ನ ಗೆದ್ದರು. 2028ರ ಒಲಿಂಪಿಕ್ಸ್‌ಗೂ ಆ ಬಿಲ್ಲು ಮೊದಲ ಸಲ ಕಾಲಿಡುತ್ತಿದೆ. ಸರ್ಕಾರ ಚೈತ್ರಕ್ಕೆ ಮುಂಚೆ ವಿಜಯವಾಡದ ತರಬೇತುದಾರರನ್ನು ಘಟ್ಟ ಹತ್ತಿಸಲಿ, ಊರೂರಿನಲ್ಲಿ ಗುರಿಹಲಗೆ ನಿಲ್ಲಿಸಲಿ. ಛೇಡಿಸಲು ಹೆಂಗಸರಿಗೆ ಗುರಿ ತಪ್ಪಿದವರು ಆಗಲೂ ಸಿಗುತ್ತಾರೆ.