ಮೊಬೈಲು ಕೊಡಿಸಿದರೆ ಸಾಕೆ?

2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದ ಚಿತ್ರವೊಂದು ಪತ್ರಿಕೆಗಳಲ್ಲಿ ಬಂದಿದ್ದುದು ಸದಸ್ಯ ಬಾಂಧವರಿಗೆ ನೆನಪಿರಬಹುದು. ಸುರಿಯುವ ಮಳೆಯಲ್ಲಿ ರಸ್ತೆಬದಿ ಕುಳಿತು ಹುಡುಗಿ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ತಂದೆ ಕೊಡೆ ಹಿಡಿದು ನಿಂತಿದ್ದಾರೆ. ನೆಟ್‌ವರ್ಕಿನ ದುರವಸ್ಥೆಗೆ ಅದು ಸಾಕ್ಷಿಯೆಂದು ಎಲ್ಲರೂ ಹೇಳಿದರು, ಸರಿಯೇ. ಕೊಡೆ ಹಿಡಿದ ಕೈಯ ವಿಷಯ ಮಾತ್ರ ಹೆಚ್ಚು ಚರ್ಚೆಯಾಗಲಿಲ್ಲ.

2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಗಳು ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಊರಿನ ಜಗಲಿ, ಮರದಡಿಗಳಲ್ಲಿ 'ವಿದ್ಯಾಗಮ' ನಡೆದು, ಸೋಂಕಿನ ಭಯದಿಂದ ನಿಂತಿತು. ಉಳಿದದ್ದು ಮೊಬೈಲು.

ಹೊಸನಗರ, ಸಾಗರದ ಒಳಹಳ್ಳಿಗಳವರು ಸಿಗ್ನಲಿಗಾಗಿ ಗುಡ್ಡ ಹತ್ತಬೇಕಿತ್ತು. ಶಿವಮೊಗ್ಗದ ರಾಗಿಗುಡ್ಡದವರಿಗೆ ಆ ಕಷ್ಟವಿಲ್ಲ, ಪೇಟೆಯೇ ಪಕ್ಕದಲ್ಲಿದೆ. ಆದರೆ ಕೂಲಿಯ ಮನೆಗೆ ಇರುವುದು ಒಂದೇ ಫೋನಾದರೆ, ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಹೊರಟು ಕತ್ತಲಾದ ಮೇಲೆ ಬರುತ್ತದೆ. ಪಾಠ ಅಷ್ಟು ಹೊತ್ತು ಕಾಯುವುದೇ? 2021ರ 'ಅಸರ್' ಸಮೀಕ್ಷೆಯಂತೆ ದೇಶದ ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಶೇ. 67.6 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅಂಥ ಮನೆಗಳಲ್ಲೂ ಶೇ. 26.1 ಮಕ್ಕಳ ಕೈಗೆ ಅದು ಸಿಗುತ್ತಿರಲಿಲ್ಲ.

ಇನ್ನು ನಮ್ಮ ಮನೆಗಳು. ಫೋನು ಕೊಡಿಸಿದ್ದೇವೆ, ದುಬಾರಿಯದನ್ನೇ. ಆದರೆ ಕೊಯ್ಲು ಶುರುವಾದರೆ ಹಗಲು ತೋಟ, ರಾತ್ರಿ ಸುಲಿತ, ಹಂಡೆಯ ಬೆಂಕಿ. ಹುಡುಗ ಕೋಣೆಯಲ್ಲಿ ಪಾಠ ಕೇಳುತ್ತಿದ್ದಾನೋ ಆಟ ಆಡುತ್ತಿದ್ದಾನೋ ನೋಡುವವರಾರು? ಸಸಿ ನೆಟ್ಟು ನೀರು ಹಾಯಿಸುವುದನ್ನು ನಾವು ಮರೆಯುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಗುಂಡಿ ತೋಡಿದರೆ ಸಾಕೆಂದುಕೊಳ್ಳುತ್ತೇವೆ. ಓದು ಬಾರದ ತಾಯಿಯೂ ಒಲೆಯ ಮುಂದೆ ಕುಳಿತು, "ಇವತ್ತು ಏನು ಹೇಳಿಕೊಟ್ಟರು, ನನಗೆ ಹೇಳು" ಎಂದು ಕೇಳಬಹುದು. ಹೇಳಲು ಹೊರಟಾಗಲೇ ತನಗೆ ಎಷ್ಟು ತಿಳಿದಿದೆಯೆಂಬುದು ಮಗುವಿಗೆ ಗೊತ್ತಾಗುತ್ತದೆ. ಇದಕ್ಕೆ ಡೇಟಾ ಖರ್ಚಿಲ್ಲ.

ಶಾಲೆಗಳು ತೆರೆದಿವೆ, ಇನ್ನೇಕೆ ಈ ಮಾತು ಎನ್ನುವವರಿದ್ದಾರೆ. ಮನೆಪಾಠ ಇಂದಿಗೂ ವಾಟ್ಸಾಪಿನಲ್ಲಿ ಬರುತ್ತಿದೆಯಲ್ಲ! ನಮ್ಮ ಸಂಘದ ಕಟ್ಟಡದಲ್ಲಿ ಕರೆಂಟು, ಇಂಟರ್ನೆಟ್ಟು ಎರಡೂ ಇವೆ. ವಹಿವಾಟು ಮುಗಿದ ಮೇಲೆ ಬೀಗ ಬೀಳುತ್ತದೆ. ಸಂಜೆ ಎರಡು ಗಂಟೆ ಒಂದು ಕೋಣೆಯನ್ನು ತೆರೆದಿಟ್ಟು ಎರಡು ಕಂಪ್ಯೂಟರ್, ಒಂದಿಷ್ಟು ಪುಸ್ತಕ ಇಡಬಾರದೇಕೆ? ತೋಟದ ಕೆಲಸಕ್ಕೆ ಬರುವವರ ಮಕ್ಕಳಿಗೂ ಅಲ್ಲಿ ಜಾಗವಿರಬೇಕು. ನೋಡಿಕೊಳ್ಳಲು ಸದಸ್ಯರು ಸರದಿಯಂತೆ ಕುಳಿತರಾಯಿತು. ಬರುವ ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ಈ ವಿಷಯವನ್ನು ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ. ಮೊದಲ ವಾರದ ಸರದಿಗೆ ನನ್ನ ಹೆಸರನ್ನು ಬರೆದುಕೊಳ್ಳಬಹುದು.