ತೊಟ್ಟಿಯ ಬೆಳಕು

ಕೈಯಲ್ಲಿ ಲೆಗೊ ಇಟ್ಟಿಗೆಗಳಿಲ್ಲದಿದ್ದರೂ ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಜೋಡಿಸಬಹುದು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಬ್ರಿಕ್‌ಲಿಂಕ್ ಸ್ಟುಡಿಯೊ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಜೋಡಿಸಿ ಮುಗಿದ ಮಾದರಿಯನ್ನು ನಿಜವಾದ ಫೋಟೊದಂತೆ ಮೂಡಿಸುವುದೇ ರೆಂಡರಿಂಗ್. ಆದರೆ ಕಂಪ್ಯೂಟರಿನೊಳಗೆ ಸೂರ್ಯನಿಲ್ಲ, ಕಿಟಕಿಯಿಲ್ಲ. ಬೆಳಕು ಎಲ್ಲಿಂದ?

ಇನ್ನೊಂದು ಚಿತ್ರದಿಂದ! ಮಾದರಿಯ ಸುತ್ತ ಒಂದು ಭಾರೀ ಟೊಳ್ಳು ಚೆಂಡಿದೆ, ಅದರ ಒಳಮೈಗೆಲ್ಲ ಯಾವುದೋ ಜಾಗದ ಚಿತ್ರ ಅಂಟಿಸಿದೆ ಎಂದುಕೊಳ್ಳಿ. ಆ ಚಿತ್ರದ ಒಂದೊಂದು ಚುಕ್ಕಿಯೂ ಒಂದೊಂದು ದೀಪ. ಆಕಾಶದ ಚುಕ್ಕಿ ನೀಲಿ ಬೆಳಕು ಚೆಲ್ಲುತ್ತದೆ, ಹೆಂಚಿನದು ಕೆಂಪು. ಇಟ್ಟಿಗೆಯ ನುಣುಪು ಪ್ಲಾಸ್ಟಿಕ್ಕಿನ ಮೇಲೆ ಮಿನುಗುವುದೂ ಆ ಚಿತ್ರವೇ.

ನನ್ನ ತಂಗಿಯ ಮಗಳು ನಮ್ಮೂರ ತೊಟ್ಟಿಮನೆಯ ತುಳಸಿಕಟ್ಟೆಯನ್ನು ಹೀಗೆ ಜೋಡಿಸಿದಳು. ಚೆನ್ನಾಗಿಯೇ ಇತ್ತು. ಅವಳಿಗೆ ಮಾತ್ರ ಸಮಾಧಾನವಿಲ್ಲ. “ಮಾಮ, ಇದು ನಮ್ಮನೇದಲ್ಲ, ಅಂಗಡಿ ಶೋಕೇಸಿಂದು” ಎಂದಳು. ನಿಜವೇ. ಅವಳು ಆರಿಸಿದ್ದು ತಂತ್ರಾಂಶದ ಜೊತೆಗೇ ಬಂದ, ಯಾವುದೋ ಸ್ಟುಡಿಯೊ ಕೋಣೆಯ ಬೆಳಕು. ಆ ಮನೆಯನ್ನೋ ಮಾರಿಯಾಗಿದೆ, ಮಳೆಗಾಲದೊಳಗೆ ಬಿಟ್ಟುಕೊಡಬೇಕು. ಕಟ್ಟೆಯ ಉದ್ದಗಲ ಬರೆದಿಟ್ಟುಕೊಳ್ಳಬಹುದು. ಬೆಳಗಿನ ಹತ್ತು ಗಂಟೆಗೆ ಸೂರಿನಂಚಿನಿಂದ ಓರೆಯಾಗಿ ಇಳಿಯುವ ಬಿಸಿಲನ್ನು?

ಅದನ್ನೂ ಹಿಡಿದಿಡಬಹುದು. ಆದರೆ ಮಾಮೂಲಿ ಫೋಟೊ ಸಾಲದು. ಅದರಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗಿನ ಮೆಟ್ಟಿಲುಗಳಷ್ಟೇ. ಸುಣ್ಣದ ಗೋಡೆಯೂ 255, ಸೂರ್ಯನೂ 255! ಪಾಪ, ಗೋಡೆಗಿಂತ ಸೂರ್ಯ ಎಷ್ಟೋ ಪಾಲು ಪ್ರಖರ ಎಂಬುದು ಫೋಟೊಗೆ ತಿಳಿಯದು. ಅಂಥ ಚಿತ್ರದಿಂದ ಬೆಳಗಿಸಿದರೆ ನೆರಳೆಲ್ಲ ಮಂಕು. ಅದಕ್ಕೇ ಎಚ್‌ಡಿಆರ್ ಚಿತ್ರ ಬೇಕು. ಒಂದೇ ನೋಟವನ್ನು ತೀರಾ ಕಪ್ಪಾಗಿ, ಸ್ವಲ್ಪ ತಿಳಿಯಾಗಿ, ತೀರಾ ಬೆಳ್ಳಗೆ ಹೀಗೆ ಹಲವು ಸಲ ತೆಗೆದು ಒಂದಾಗಿಸಿದರೆ, ಯಾವುದು ಎಷ್ಟು ಪ್ರಖರ ಎಂಬ ಲೆಕ್ಕ ಉಳಿಯುತ್ತದೆ.

ಸುತ್ತಲಿನದೆಲ್ಲ ಒಮ್ಮೆಗೇ ಬೇಕಲ್ಲ? ಕನ್ನಡಿಯಂತೆ ಹೊಳೆಯುವ ಸ್ಟೀಲ್ ಗುಂಡು ಸಾಕು. 1998ರಲ್ಲಿ ಪಾಲ್ ಡೆಬೆವೆಕ್ ಎಂಬ ಅಮೆರಿಕದ ವಿಜ್ಞಾನಿ ತೋರಿಸಿಕೊಟ್ಟ ಉಪಾಯವಿದು. ನಾವು ಗುಂಡನ್ನು ತುಳಸಿಕಟ್ಟೆಯ ಮೇಲಿಟ್ಟು, ಕ್ಯಾಮೆರಾವನ್ನು ಅಲುಗಾಡದಂತೆ ಸ್ಟ್ಯಾಂಡಿಗೆ ಸಿಕ್ಕಿಸಿ, ಏಳು ಫೋಟೊ ತೆಗೆದೆವು. (ಕ್ಯಾಮೆರಾ ಮೂಲಕವಾದರೂ ಸರಿ, ಸೂರ್ಯನನ್ನು ನೇರವಾಗಿ ನೋಡಬೇಡಿ. ಗುಂಡಿನಲ್ಲಿ ಕಾಣುವ ಸೂರ್ಯನನ್ನೂ ದಿಟ್ಟಿಸಬೇಡಿ.) ಆಮೇಲೆ ಮಾದರಿಯನ್ನು ಎಲ್‌ಡ್ರಾ ಕಡತವಾಗಿ ಉಳಿಸಿ ಬ್ಲೆಂಡರ್ ತಂತ್ರಾಂಶಕ್ಕೆ ಒಯ್ದೆವು, ಅದಕ್ಕೊಂದು ಆಡ್-ಆನ್ ಹಾಕಿಕೊಳ್ಳಬೇಕು. ಅಲ್ಲಿ ಪರಿಸರದ ಚಿತ್ರವಾಗಿ ನಮ್ಮದನ್ನು ಕೊಟ್ಟು ‘ಮಿರರ್ ಬಾಲ್’ ಎಂದು ಆರಿಸಿದರಾಯಿತು. ಚಿತ್ರವನ್ನು ತಿರುಗಿಸಿದಂತೆ ನೆರಳೂ ತಿರುಗುತ್ತದೆ. ನೆರಳು ಬಾವಿಯ ಕಡೆಗೆ ಬೀಳುವವರೆಗೂ ಹುಡುಗಿ ತಿರುಗಿಸುತ್ತಲೇ ಇದ್ದಳು.

ಗುಂಡಿನ ನಟ್ಟನಡುವೆ ಫೋಟೊ ತೆಗೆದವರೂ ಕಾಣುತ್ತಾರೆ, ತಪ್ಪಿಸಲಾಗದು. ಅವಳ ಗುಲಾಬಿ ಫ್ರಾಕಿನ ಛಾಯೆ ಕಟ್ಟೆಯ ಒಂದು ಮಗ್ಗುಲಿನ ಬಿಳಿ ಇಟ್ಟಿಗೆಗಳ ಮೇಲೆ ತೆಳ್ಳಗೆ ಬಿದ್ದಿತ್ತು. ಅಳಿಸಿಕೊಡಲೇ ಎಂದು ಕೇಳಿದೆ. ಬೇಡವೆಂದಳು.