ಕಿವಿಮೊರೆತಕ್ಕೆ ಜೀವಸತ್ವವೇ ಮದ್ದೆ?

ಕಿವಿಯ ಮೊರೆತಕ್ಕೆ ಜೀವಸತ್ವದ ಮಾತ್ರೆಗಳನ್ನು ಕೆಲಕಾಲ ಸೇವಿಸಿದರೆ ಸಾಕೆಂದು ತಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಲೇಖಕ ಮಹಾಶಯರು ಪ್ರತಿಪಾದಿಸಿರುವುದನ್ನು ಓದಿ, ಈ ಉತ್ತರವನ್ನು ಬರೆಯದೆ ಇರಲಾರದವನಾದೆನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಜಲ್ಲಿ ಕ್ರಷರಿನ ಬಳಿ ಹಗಲೆಲ್ಲ ದುಡಿದು, ರಾತ್ರಿ ಊರು ನಿಶ್ಶಬ್ದವಾದೊಡನೆ ಕಿವಿಯೊಳಗೆ ಜೀರುಂಡೆಯ ಧ್ವನಿಯೆದ್ದು ನಿದ್ರೆಗೆಡುವವನಿಗೆ ನಷ್ಟವಾಗಿರತಕ್ಕದ್ದು ಒಳಗಿವಿಯ ಸೂಕ್ಷ್ಮ ರೋಮಕೋಶಗಳೇ ಹೊರತು ಜೀವಸತ್ವವಲ್ಲ. ಒಮ್ಮೆ ನಶಿಸಿದ ಆ ಕೋಶಗಳು ಮನುಷ್ಯನಲ್ಲಿ ಮರಳಿ ಹುಟ್ಟಲಾರವು.

ಶಾಕಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಉಂಟೆಂಬುದು ನಿಜ. ರಾಗಿಮುದ್ದೆ, ಹುರುಳಿಸಾರುಗಳಲ್ಲಿ ಅದು ದೊರೆಯದು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡವರು ಅದನ್ನು ತುಂಬಿಕೊಳ್ಳಲೇಬೇಕು. ಆದರೆ ಸರ್ವರಿಗೂ ಅದನ್ನೇ ವಿಧಿಸುವುದು ಯಾವ ವೈದ್ಯ? ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿಯು 2014ರ ಮಾರ್ಗಸೂಚಿಯಲ್ಲಿ, ದೀರ್ಘಕಾಲ ಬಾಧಿಸುವ ಕಿವಿಮೊರೆತಕ್ಕೆ ಸತು, ಗಿಂಕೊ ಮೊದಲಾದ ಪೂರಕಗಳನ್ನು ಸಲಹೆಮಾಡಬಾರದೆಂದೇ ಹೇಳಿದೆ. ಬಿ6ನ್ನು ಅತಿಯಾಗಿ ಬಹುಕಾಲ ಸೇವಿಸಿದರೆ ಕೈಕಾಲಿನ ನರಗಳೇ ಕೆಡುತ್ತವೆ. ಲೇಖಕರು ಇದನ್ನು ಒಂದು ಮಾತಿನಿಂದಲೂ ಸೂಚಿಸದಿರುವುದು ಅಕ್ಷಮ್ಯ.

ಮೊರೆತಕ್ಕೆ ಕಾರಣವು ಬರಿಯ ಗುಗ್ಗೆಯಿದ್ದೀತು. ಕ್ಷಯಕ್ಕೆ ಚುಚ್ಚಿದ ಸ್ಟ್ರೆಪ್ಟೊಮೈಸಿನ್ ಇದ್ದೀತು. ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ಅಥವಾ ಅದು ನಾಡಿಯೊಡನೆ ಮಿಡಿಯುತ್ತಿದ್ದರೆ, ವಿಳಂಬ ಸಲ್ಲದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದ ಶ್ರವಣದೋಷಗಳ ಪರೀಕ್ಷೆ, ಚಿಕಿತ್ಸೆಗಳಲ್ಲಿ ನಿರತವಾಗಿದೆ. ಶ್ರವಣಯಂತ್ರ, ಆಪ್ತಸಲಹೆಗಳಿಂದ ಅನೇಕರಿಗೆ ಉಪಶಮನ ದೊರೆಯುವುದುಂಟು.

ಓದುಗರು ಔಷಧದಂಗಡಿಗೆ ಹಣ ಸುರಿಯುವ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲಿ ಕಿವಿಯನ್ನು ತೋರಿಸಿಕೊಳ್ಳಲಿ. ಕ್ರಷರಿನ ಮಾಲೀಕರು ಕೂಲಿಕಾರರಿಗೆ ಕಿವಿರಕ್ಷಕಗಳನ್ನು ಇಂದೇ ಒದಗಿಸಲಿ.